ನಾನಿ ಮನೆಯ ಬಾವಿ, ನಮ್ಮ ಮನೆಯ ಮೀನು

ಬೇಸಿಗೆ ರಜೆಗೆ ತವರಿಗೆ ಹೊರಡುವ ಹೆಣ್ಣಿಗೆ ಚಿಂತೆ ಒಂದೆರಡಲ್ಲ. ಗ್ಯಾಸ್ ಬಂದ್ ಮಾಡಿದೆನೇ, ನಲ್ಲಿ ತಿರುಗಿಸಿದೆನೇ, ಮಹಡಿಯ ಮೇಲಿನ ಬಟ್ಟೆ ತಂದೆನೇ? ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಇವುಗಳ ಜೊತೆ ಇನ್ನೊಂದು ಚಿಂತೆ ಸೇರಿಕೊಂಡಿತು. ಹನ್ನೆರಡು ದಿನ ಮೀನುಗಳಿಗೆ ಊಟ ಹಾಕುವವರು ಯಾರು?

ಮೂರನೇ ತರಗತಿಯ ಮಗ ಹಟ ಹಿಡಿದು ತರಿಸಿಕೊಂಡ ನಾಲ್ಕು ಗೋಲ್ಡ್ ಫಿಶ್ ನಮ್ಮ ಹಾಲ್‌ನ ಗಾಜಿನ ತೊಟ್ಟಿಯಲ್ಲಿದ್ದವು. ಪಕ್ಕದ ಮನೆಯ ಅಜ್ಜಿ, "ಅದಕ್ಕೇನಮ್ಮಾ ಯೋಚನೆ, ಬೀಗದ ಕೈ ಕೊಟ್ಟು ಹೋಗು, ನಾನು ನೋಡ್ಕೋತೀನಿ" ಎಂದರು. ಊಟದ ಡಬ್ಬಿಯನ್ನು ತೊಟ್ಟಿಯ ಪಕ್ಕದಲ್ಲೇ ಇಟ್ಟು ರೈಲು ಹತ್ತಿದೆವು.

ಬೆಂಗಳೂರಿನಿಂದ ಅರಸೀಕೆರೆ ಕಡೆಗೆ ಹೋಗುವ ರೈಲಿನಲ್ಲಿ ಗುಬ್ಬಿ ದಾಟಿದ ಮೇಲೆ ಕಿಟಕಿಯ ಹೊರಗೆ ತೆಂಗಿನ ಮರಗಳದ್ದೇ ಸಾಲು. ನಿಟ್ಟೂರು, ಅಮ್ಮಸಂದ್ರ, ಬಾಣಸಂದ್ರ, ಆಮೇಲೆ ತಿಪಟೂರು. ಕಲ್ಪತರು ನಾಡು ಎಂದು ಸುಮ್ಮನೆ ಕರೆದದ್ದಲ್ಲ. ಇಲ್ಲಿ ಮಗಳ ಮದುವೆಯಾಗಲಿ, ಮಗನ ಕಾಲೇಜು ಫೀಸಾಗಲಿ, ಎಲ್ಲಕ್ಕೂ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿಗೆ ಬರುವ ಬೆಲೆಯನ್ನೇ ಕಾಯುತ್ತಾರೆ. ನನ್ನ ತವರು ತಿಪಟೂರಿನಿಂದ ತುರುವೇಕೆರೆ ಕಡೆಗೆ ಹೋಗುವ ದಾರಿಯ ಹಳ್ಳಿ. ಹಿತ್ತಲಲ್ಲಿ ತೆಂಗು, ತೆಂಗಿನ ನಡುವೆ ಕಲ್ಲು ಕಟ್ಟಿದ ಹಳೆಯ ಬಾವಿ.

ಸಂಜೆಯಾದರೆ ಸಾಕು, ಮಗನಿಗೆ ಫೋನ್ ಬೇಕು. "ಅಜ್ಜೀ, ಮೀನಿಗೆ ಊಟ ಹಾಕಿದ್ರಾ?" ಅಜ್ಜಿಯದು ಒಂದೇ ಉತ್ತರ: "ಹಾಕಿದೆ ಮಗು, ಹೊಟ್ಟೆ ತುಂಬಾ ಹಾಕಿದೆ. ಕೈ ತೋರಿಸಿದರೆ ಓಡಿ ಬರ್ತವೆ, ಪಾಪ, ಇನ್ನೂ ಹಸಿವು ಅಂತವೆ." ಅವರ ಪ್ರೀತಿ ಕಂಡು ನನಗೂ ಸಮಾಧಾನವಾಗಿತ್ತು.

ಐದನೆಯ ದಿನ ಬೆಳಿಗ್ಗೆ ಅವರೇ ಫೋನ್ ಮಾಡಿದರು. ದನಿ ನಡುಗುತ್ತಿತ್ತು. ತೊಟ್ಟಿಯ ನೀರು ಗಂಜಿಯಂತೆ ಬೆಳ್ಳಗಾಗಿದೆ, ವಾಸನೆ ಬರುತ್ತಿದೆ, ಎರಡು ಮೀನು ಸತ್ತು ತೇಲುತ್ತಿವೆ. "ನಾನು ಉಪವಾಸ ಕೆಡವಲಿಲ್ಲ ಕಣಮ್ಮಾ, ಮೂರು ಹೊತ್ತೂ ಹಾಕಿದೆ" ಎಂದು ಅತ್ತೇಬಿಟ್ಟರು.

ಮೀನು ಕೊಟ್ಟ ಅಂಗಡಿಯವರಿಗೆ ಫೋನ್ ಮಾಡಿದೆ. ಅವರು ಹೇಳಿದ್ದು ಕೇಳಿ ತಪ್ಪು ನನ್ನದೇ ಎಂದು ಗೊತ್ತಾಯಿತು. ಮೀನು ಹಸಿವಿನಿಂದ ಸತ್ತಿರಲಿಲ್ಲ, ಊಟ ಹೆಚ್ಚಾಗಿ ಸತ್ತಿತ್ತು. ತಿನ್ನದೆ ಉಳಿದ ಊಟ ತಳದಲ್ಲಿ ಕೊಳೆಯುತ್ತದೆ. ಅದರಿಂದಲೂ ಮೀನಿನ ಹೊಲಸಿನಿಂದಲೂ ಅಮೋನಿಯಾ ಹುಟ್ಟಿ ನೀರು ವಿಷವಾಗುತ್ತದೆ. ಕೊಳೆಯುವಾಗ ನೀರಿನ ಆಮ್ಲಜನಕವೂ ಕಡಿಮೆಯಾಗುತ್ತದೆ. ಗೋಲ್ಡ್ ಫಿಶ್ ಎಷ್ಟು ತಿಂದರೂ ಮತ್ತೆ ಕೈ ಕಂಡರೆ ಓಡಿ ಬರುತ್ತದೆ. ಅದು ಹಸಿವಲ್ಲ, ಅಭ್ಯಾಸ. ಆರೋಗ್ಯವಾಗಿರುವ ದೊಡ್ಡ ಮೀನು ಒಂದು ವಾರ ಏನೂ ತಿನ್ನದೆ ಇದ್ದರೂ ಬದುಕುತ್ತದೆ. ಅವರು ಹೇಳಿದಂತೆ ಅಜ್ಜಿ ಊಟ ನಿಲ್ಲಿಸಿ, ಹಿಂದಿನ ದಿನ ಹಿಡಿದಿಟ್ಟಿದ್ದ ನೀರಿನಿಂದ ಕಾಲು ಭಾಗ ನೀರು ಬದಲಿಸಿದರು. ಮರುದಿನವೂ ಹಾಗೆಯೇ ಮಾಡಿದರು. ಉಳಿದೆರಡು ಮೀನು ಬದುಕಿದವು.

ಮಗನನ್ನು ಸಮಾಧಾನ ಮಾಡುವುದು ಇದಕ್ಕಿಂತ ಕಷ್ಟವಾಯಿತು. ಅತ್ತು ಮುಗಿದ ಮೇಲೆ ಅವನು ನಾನಿಯ ಬಳಿ ಕುಳಿತು ಮೆಲ್ಲಗೆ ಕೇಳಿದ: "ನಾನಿ, ಬೆಕ್ಕು ಕಟ್ಟಿ ಹಾಕಿದ ಹೆಂಗಸಿಗೆ ಶಿಕ್ಷೆ ಆಯ್ತಲ್ಲ, ನನಗೂ ಆಗುತ್ತಾ?"

ಮದ್ರಸದಲ್ಲಿ ಕೇಳಿದ ಹದೀಸ್ ಅವನ ಎದೆಯಲ್ಲಿ ಅಷ್ಟು ಆಳವಾಗಿ ಕುಳಿತಿರುವುದು ನನಗೆ ಗೊತ್ತಿರಲಿಲ್ಲ. ಅಮ್ಮಿ ಅವನನ್ನು ತೊಡೆಗೆ ಎಳೆದುಕೊಂಡರು. "ಇಲ್ಲ ಬೇಟಾ. ಅವಳು ಬೆಕ್ಕಿಗೆ ತಾನೂ ಊಟ ಕೊಡಲಿಲ್ಲ, ಅದು ಹೊರಗೆ ಹೋಗಿ ತಿನ್ನಲೂ ಬಿಡಲಿಲ್ಲ. ನೀನು ಒಬ್ಬರಿಗೆ ಅಮಾನತ್ ಒಪ್ಪಿಸಿ ಬಂದೆ, ದಿನಾ ವಿಚಾರಿಸಿದೆ. ಆದರೆ ಒಪ್ಪಿಸುವಾಗ ಎಷ್ಟು, ಹೇಗೆ ಅಂತ ಹೇಳಬೇಕಿತ್ತು. ಅದನ್ನು ನಿನ್ನ ಅಮ್ಮಿ ಹೇಳಬೇಕಿತ್ತು" ಎಂದು ನನ್ನತ್ತ ನೋಡಿದರು. ಆಮೇಲೆ ಅಬೂ ಉಮೈರ್‌ನ ಕಥೆ ಹೇಳಿದರು. ಹ. ಅನಸ್(ರ)ರ ಪುಟ್ಟ ತಮ್ಮ ಸಾಕಿದ್ದ ಹಕ್ಕಿ ಸತ್ತಾಗ ಪ್ರವಾದಿ(ಸ)ರು ಅವನ ದುಃಖವನ್ನು ಸಣ್ಣದೆಂದು ತಳ್ಳಿಹಾಕಲಿಲ್ಲ. ಅವನನ್ನು ಪ್ರೀತಿಯಿಂದ ಮಾತನಾಡಿಸಿ ಆ ಹಕ್ಕಿಯ ಬಗ್ಗೆ ವಿಚಾರಿಸಿದ್ದರು. ಅಂದು ರಾತ್ರಿ ಮಗ ಊಟ ಮಾಡಿದ.

ಮರುದಿನ ನನ್ನ ಅಣ್ಣ ಅವನನ್ನು ಬಾವಿಯ ಬಳಿಗೆ ಕರೆದೊಯ್ದರು. ಸುತ್ತಲಿನ ಎಷ್ಟೋ ಬಾವಿಗಳು ಬತ್ತಿ, ಊರೆಲ್ಲ ಕೊಳವೆ ಬಾವಿ ನಂಬಿದೆ. ನಮ್ಮ ಬಾವಿಯಲ್ಲಿ ಇನ್ನೂ ಸ್ವಲ್ಪ ನೀರಿದೆ, ನೀರಲ್ಲಿ ಗಪ್ಪಿ ಮೀನುಗಳಿವೆ. "ಇವಕ್ಕೆ ಯಾರು ಊಟ ಹಾಕ್ತಾರೆ ಮಾಮು?" "ಯಾರೂ ಇಲ್ಲ. ಸೊಳ್ಳೆ ಮರಿ ತಿಂದುಕೊಂಡು ಇವೆ."

ಆ ಮೀನುಗಳಿಗೂ ಒಂದು ಚರಿತ್ರೆಯಿದೆ. ಸೊಳ್ಳೆ ಮರಿ ತಿನ್ನುವ ಗಂಬೂಸಿಯಾ ಮೀನನ್ನು 1928ರಲ್ಲಿ ಭಾರತಕ್ಕೆ ತಂದರು. 1990ರ ದಶಕದಲ್ಲಿ ಕೋಲಾರ ಜಿಲ್ಲೆಯ ಕಾಮಸಮುದ್ರದ ಸುತ್ತಲಿನ ಹಳ್ಳಿಗಳಲ್ಲಿ ಬಾವಿಗಳಿಗೆ ಗಪ್ಪಿ ಬಿಟ್ಟು ಮಲೇರಿಯಾ ತಗ್ಗಿಸಿದರು. ಆದರೆ ಈ ಮೀನುಗಳು ಕೆರೆ, ಹೊಳೆ ಸೇರಿದರೆ ನಮ್ಮ ನಾಡಿನ ಸಣ್ಣ ಮೀನುಗಳಿಗೆ ಕಂಟಕವಾಗುತ್ತವೆ ಎಂದು ವಿಜ್ಞಾನಿಗಳು ಈಗ ಎಚ್ಚರಿಸುತ್ತಾರೆ. ಉಳಿದೆರಡು ಮೀನನ್ನು ತಂದು ಮಲ್ಲಾಘಟ್ಟದ ಕೆರೆಗೆ ಬಿಡೋಣ ಎಂದು ಮಗ ಹೇಳಿದಾಗ ಅಣ್ಣ ಬೇಡವೆಂದದ್ದು ಇದೇ ಕಾರಣಕ್ಕೆ. ಸಾಕಿದ ಮೀನು ಬೇಡವಾದರೆ ಸಾಕುವವರಿಗೆ ಕೊಡಬೇಕೇ ಹೊರತು ಕೆರೆಗೆ ಸುರಿಯಬಾರದು.

ಆ ವಾರದ ಕೊನೆಗೆ ಚಿಕ್ಕನಾಯಕನಹಳ್ಳಿಯ ಖಾಲಾ ಮನೆಗೆ ಹೋದೆವು. ತಿಪಟೂರಿನಿಂದ ಕೆ.ಬಿ. ಕ್ರಾಸ್‌ಗೆ ಬಂದು ಬಸ್ಸು ಬದಲಿಸಬೇಕು. ಒಂದು ಕಡೆ ತುರುವೇಕೆರೆ, ಇನ್ನೊಂದು ಕಡೆ ಚಿಕ್ಕನಾಯಕನಹಳ್ಳಿ, ಹುಳಿಯಾರು. ಖಾಲಾ ಮನೆಯ ಅಟ್ಟದ ತುಂಬ ತೆಂಗಿನಕಾಯಿ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಎಂಟು ತಿಂಗಳಿಂದ ಒಂದು ವರ್ಷ ಅಲ್ಲೇ ಇರುತ್ತದೆ. ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಖಾಲಾ ಒಂದನ್ನು ಎತ್ತಿ ಮಗನ ಕಿವಿಯ ಬಳಿ ಅಲ್ಲಾಡಿಸಿದರು. ಗಡಗಡ ಸದ್ದು. "ಇಷ್ಟು ದಿನ ನೀವು ಏನು ಮಾಡ್ತೀರಿ ಖಾಲಾ?" "ಏನೂ ಇಲ್ಲ. ಗಾಳಿ ಆಡಬೇಕು, ಸೂರು ಸೋರಬಾರದು. ಅಷ್ಟು ನೋಡಿಕೊಂಡರೆ ಸಾಕು." ಮಗ ಸ್ವಲ್ಪ ಹೊತ್ತು ಯೋಚಿಸಿ ಹೇಳಿದ: "ನಮ್ಮ ಮೀನಿನ ತರಾನೇ."

ಮನೆಯಲ್ಲಿ ಮೀನಿರುವ ಸಹೋದರಿಯರು ಊರಿಗೆ ಹೊರಡುವ ಮುನ್ನ ಇಷ್ಟನ್ನು ನೆನಪಿಡಿ. ಎರಡು ಮೂರು ದಿನ ಮೊದಲೇ ಕಾಲು ಭಾಗ ನೀರು ಬದಲಿಸಿ. ನಲ್ಲಿ ನೀರಾದರೆ ಒಂದು ದಿನ ಹಿಡಿದಿಡಿ, ಅಥವಾ ಕ್ಲೋರಿನ್ ತೆಗೆಯುವ ಔಷಧಿ ಹಾಕಿ. ಫಿಲ್ಟರಿನ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ಹೊರಡುವ ವಾರ ಹೊಸ ಮೀನು ತರಬೇಡಿ. ಹೋಗುವಾಗ 'ಇರಲಿ' ಎಂದು ಹೆಚ್ಚು ಊಟ ಸುರಿಯಬೇಡಿ. ನಾಲ್ಕೈದು ದಿನವಾದರೆ ಏನೂ ಹಾಕಬೇಕಿಲ್ಲ. ಅದಕ್ಕಿಂತ ಹೆಚ್ಚಾದರೆ ಮೂರು ದಿನಕ್ಕೊಮ್ಮೆ ಒಂದು ಚಿಟಿಕೆ ಸಾಕು. ಆ ಚಿಟಿಕೆಗಳನ್ನು ಕಾಗದದ ಪೊಟ್ಟಣಗಳಲ್ಲಿ ಕಟ್ಟಿ, ಮೇಲೆ ತಾರೀಖು ಬರೆದು ಕೊಡಿ, ಡಬ್ಬಿಯನ್ನು ಒಳಗಿಡಿ. ಮರಿಗಳಿದ್ದರೆ ಮಾತ್ರ ದಿನಾ ನೋಡುವವರು ಬೇಕು. ಕರೆಂಟು ಹೋಗಿ ಬಂದ ಮೇಲೆ ಗಾಳಿಯ ಪಂಪ್ ನಡೆಯುತ್ತಿದೆಯೇ ಎಂದು ನೋಡಲು ಹೇಳಿ.

ಊರಿಂದ ಬಂದ ದಿನ ಮಗನೇ ಒಂದು ಉಂಡೆ ಕೊಬ್ಬರಿ ಹಿಡಿದು ಅಜ್ಜಿಯ ಮನೆಗೆ ಹೋದ. ನಾನೂ ಹಿಂದೆಯೇ ಹೋಗಿ, "ಅಜ್ಜೀ, ನಾನು ಸರಿಯಾಗಿ ಹೇಳಿ ಹೋಗಲಿಲ್ಲ, ತಪ್ಪು ನನ್ನದು" ಎಂದೆ. ಅಜ್ಜಿ ಅವನ ತಲೆ ಸವರಿ ಕಣ್ಣೊರೆಸಿಕೊಂಡರು. ದಸರಾ ರಜೆಗೆ ಹೊರಟಾಗ ಆರು ಪೊಟ್ಟಣ ಕಟ್ಟಿದ್ದ ಮಗನಿಗೆ, ಎರಡೇ ಸಾಕು ಎಂದು ನೆನಪಿಸಿದವರು ಆ ಅಜ್ಜಿಯೇ. ಬೀಗದ ಕೈಯನ್ನು ಈ ಸಲವೂ ಅವರಿಗೇ ಕೊಟ್ಟೆವು. ಅಲ್ಹಮ್ದುಲಿಲ್ಲಾಹ್, ಮರಳಿ ಬಂದಾಗ ನೀರು ತಿಳಿಯಾಗಿತ್ತು, ಎರಡೂ ಮೀನು ಗಾಜಿನ ಬಳಿ ಓಡಿ ಬಂದವು.