ಮೇಲೆ ಥಳಕು, ಒಳಗೆ ಹುಳುಕು

ನಮ್ಮ ಮನೆಯ ಮಾರುತಿ 800 ಬೆಳ್ಳಿಯ ಬಣ್ಣದ್ದು. ಬೇರೊಬ್ಬರು ಓಡಿಸಿ ಮಾರಿದುದನ್ನು ನಾನು ಕೊಂಡದ್ದು. ಕುಂಬಳೆಯ ಕಡೆಯ ಉಪ್ಪುಗಾಳಿಯೂ ನಾಲ್ಕು ತಿಂಗಳ ಜಡಿಮಳೆಯೂ ಸೇರಿ ಅದರ ಬಾಗಿಲುಗಳ ಬುಡವನ್ನು ತಿನ್ನತೊಡಗಿದುವು. ಗ್ಯಾರೇಜಿನವರು ಹೇಳಿದ ಖರ್ಚು ಕಾರಿನ ಬೆಲೆಯ ಸಮೀಪಕ್ಕೆ ಬಂದಾಗ, “ಇದಕ್ಕೆ ಇನ್ನೊಬ್ಬರೇಕೆ? ನಾನೇ ಮಾಡುತ್ತೇನೆ” ಎಂದು ಮನೆಯಾಕೆಯ ಮುಂದೆ ಜಂಭ ಕೊಚ್ಚಿಕೊಂಡೆನು.

ಬೇಸಗೆಯ ರಜೆಯಲ್ಲಿ ಒಂದು ದಿನ, ಕಣ್ಣಿಗೆ ಕಂಡ ತುಕ್ಕನ್ನಷ್ಟೇ ಉಜ್ಜಿ, ಪುಟ್ಟಿ ಮೆತ್ತಿ, ಸ್ಪ್ರೇ ಡಬ್ಬಿಯ ಬಣ್ಣ ಹೊಡೆದೆನು. ಸಂಜೆಯ ಹೊತ್ತಿಗೆ ಬಾಗಿಲು ಥಳಥಳಿಸಿತು. ನೆರೆಯವರು ಬಂದು ನೋಡಿ ಮೆಚ್ಚಿದರು. ಆದರೆ ಜೂನ್ ಕಳೆಯುವುದರೊಳಗೆ ಬಣ್ಣವು ಗುಳ್ಳೆಗುಳ್ಳೆಯಾಗಿ ಎದ್ದಿತು. ಉಗುರಿನಿಂದ ಕೆದಕಿದರೆ ಪುಟ್ಟಿಯ ಹೋಳೇ ಕೈಗೆ ಬಂದಿತು. ಅದರ ಹಿಂದೆ ಬೆರಳು ತೂರುವಷ್ಟು ದೊಡ್ಡ ತೂತು!

ವಾಹನಗಳಿಗೆ ಬಣ್ಣ ಹೊಡೆಯುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಅದನ್ನು ನೋಡಿ, “ಮಾಷ್ಟ್ರೇ, ಈ ತುಕ್ಕು ಬಂದದ್ದು ಒಳಗಿನಿಂದ. ನೀವು ಹೊರಗಿನಿಂದ ಮುಚ್ಚಿದಿರಿ” ಎಂದನು. ಕಿಟಕಿಯ ಗಾಜಿನ ಸಂದಿನಿಂದ ಬಾಗಿಲಿನೊಳಗೆ ಇಳಿದ ಮಳೆನೀರು ಹೊರಗೆ ಹೋಗಲೆಂದು ಬುಡದಲ್ಲಿ ಸಣ್ಣ ರಂಧ್ರಗಳಿರುತ್ತವೆ. ಅವು ಮಣ್ಣಿನಿಂದ ಕಟ್ಟಿಹೋಗಿ ನೀರು ಒಳಗೇ ನಿಂತಿತ್ತು.

ಮುಂದಿನ ಜನವರಿಯಲ್ಲಿ, ಗಾಳಿಯ ತೇವ ಇಳಿದ ಮೇಲೆ, ಅವನ ಮಾತಿನಂತೆ ಮರಳಿ ತೊಡಗಿದೆನು. ಮೊದಲು ರಂಧ್ರಗಳನ್ನು ಬಿಡಿಸಿದೆನು. ಕೊಳೆತ ತಗಡನ್ನು ಕತ್ತರಿಸಿ ತೆಗೆಸಿ, ಹೊಸ ತಗಡಿನ ತುಂಡನ್ನು ವೆಲ್ಡ್ ಮಾಡಿಸಿದ್ದಾಯಿತು. ಆಮೇಲೆ ಪ್ರೈಮರ್, ತಗ್ಗು ಇದ್ದಲ್ಲಿ ಮಾತ್ರ ತೆಳುವಾಗಿ ಪುಟ್ಟಿ, 180, 320ನೆಯ ನಂಬರಿನ ಕಾಗದದಿಂದ ಉಜ್ಜು, ಮತ್ತೆ ಪ್ರೈಮರ್, 800ನೆಯ ನಂಬರಿನಿಂದ ನೀರು ಹಾಕಿ ಉಜ್ಜು. ಎಂಟು ದಿನಗಳ ಕೆಲಸದಲ್ಲಿ ಏಳು ದಿನ ಬಣ್ಣದ ಸುದ್ದಿಯೇ ಇರಲಿಲ್ಲ.

ಹಾಗೆ ಉಜ್ಜುತ್ತ ಕುಳಿತಿದ್ದಾಗಲೇ ಏಳನೆಯ ತರಗತಿಯ ಆ ಹುಡುಗನ ನೆನಪಾದದ್ದು. ಅವನ ಅಕ್ಷರ ಮುತ್ತು ಪೋಣಿಸಿದಂತಿತ್ತು. ಹಲಗೆಯ ಮೇಲಿನದನ್ನು ಒಂದು ಚುಕ್ಕೆಯೂ ತಪ್ಪದೆ ಬರೆದುಕೊಳ್ಳುತ್ತಿದ್ದನು. ಮೂರು ವರ್ಷ ಆ ಪುಸ್ತಕಗಳಿಗೆ ‘ಉತ್ತಮ’ ಎಂದು ಸಹಿ ಹಾಕಿದವನು ನಾನು. ಹಿಂದಿನ ಜುಲೈಯಲ್ಲಿ ಶಾಲೆಯ ಸಭೆಯಲ್ಲಿ ಪತ್ರಿಕೆಯ ನಾಲ್ಕು ಸಾಲು ಓದಲು ನಿಲ್ಲಿಸಿದರೆ, ಮೊದಲ ಒತ್ತಕ್ಷರದಲ್ಲಿಯೇ ಅವನ ಬಾಯಿ ಕಟ್ಟಿತು. ಎಲ್ಲರೆದುರು ಅವನನ್ನು ಗದರಿಸಿದವನೂ ನಾನೇ.

ಎಂಟನೆಯ ದಿನ ಖಾಲಿ ಕೊಟ್ಟಿಗೆಯ ನೆಲಕ್ಕೆ ಧೂಳು ಏಳದಂತೆ ನೀರು ಚಿಮುಕಿಸಿ, ವಿದ್ಯಾರ್ಥಿಯು ತಂದ ಕಂಪ್ರೆಸರ್ ಹೂಡಿದೆವು. ಮೆಟಾಲಿಕ್ ಬಣ್ಣದಲ್ಲಿ ಅಲ್ಯೂಮಿನಿಯಮ್ಮಿನ ಸೂಕ್ಷ್ಮ ಚಕ್ಕೆಗಳಿರುತ್ತವೆ. ಅವು ಡಬ್ಬಿಯ ತಳಕ್ಕೆ ಇಳಿಯುವುದರಿಂದ ಆಗಾಗ ಕಲಕುತ್ತಿರಬೇಕು. ಒಮ್ಮೆಲೇ ದಪ್ಪನೆ ಹೊಡೆದರೆ ಅವು ಹಸಿ ಬಣ್ಣದಲ್ಲಿ ತೇಲಾಡಿ, ಮೋಡದಂತೆ ಕಲೆಗಟ್ಟುತ್ತವೆ; ತೆಳುವಾಗಿ, ಆರಲು ಬಿಟ್ಟು ಬಿಟ್ಟು ಹೊಡೆದರೆ ಸಮನಾಗಿ ಮಲಗಿ ಬೆಳಕನ್ನು ಹಿಂದಿರುಗಿಸುತ್ತವೆ. ದುರಸ್ತಿಯ ಅಂಚಿನಲ್ಲಿ ಬಣ್ಣವನ್ನು ಗೆರೆ ಕೊಯ್ದಂತೆ ನಿಲ್ಲಿಸದೆ, ಹಳೆಯದರೊಳಗೆ ಕರಗಿಸಬೇಕು. ಕೊನೆಯ ಕ್ಲಿಯರಿಗೆ ಬೆರೆಸುವ ಹಾರ್ಡ್‌ನರಿನ ಆವಿಯು ಶ್ವಾಸಕೋಶಕ್ಕೆ ಕೇಡು. ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು. ಆದುದರಿಂದ ನನ್ನನ್ನು ಹೊರಗೆ ಕಳುಹಿಸಿ, ತಕ್ಕ ಮುಖವಾಡ ಧರಿಸಿ, ಅದನ್ನು ಅವನೇ ಹೊಡೆದನು.

ಮರುದಿನ ಶಾಲೆ ಬಿಟ್ಟ ಮೇಲೆ ಆ ಹುಡುಗನನ್ನು ಹತ್ತಿರ ಕೂರಿಸಿಕೊಂಡೆನು. ಮೊದಲು, ಜುಲೈಯಲ್ಲಿ ಗದರಿಸಿದ್ದು ನನ್ನ ತಪ್ಪು ಎಂದೆನು. ಅವನು ತಲೆ ತಗ್ಗಿಸಿ, “ನನಗೆ ಓದಲು ಬರುವುದಿಲ್ಲ ಸಾರ್” ಎಂದನು. ಎರಡನೆಯ ತರಗತಿಯ ಪುಸ್ತಕ ತೆರೆದು ‘ಅಕ್ಕ’, ‘ಅಜ್ಜ’ದಿಂದ ಆರಂಭಿಸಿದೆವು. ಅವನು ನಮ್ಮ ಶಾಲೆ ಬಿಡಲು ಎರಡೇ ತಿಂಗಳು ಉಳಿದಿದ್ದವು. ಮಾರ್ಚಿನ ಕೊನೆಯಲ್ಲಿ ಅವನು ಒಂದು ಪುಟವನ್ನು ತಡೆತಡೆದು, ಆದರೆ ತಾನಾಗಿಯೇ, ಓದಿದನು. ಮೂರು ವರ್ಷ ಮೊದಲೇ ಉಗುರಿನಿಂದ ಕೆದಕಿ ನೋಡಿದ್ದರೆ ಎಂಬ ಕೊರಗು ನನ್ನಲ್ಲಿ ಉಳಿದಿದೆ.

ಆ ಬಾಗಿಲು ಒಂದು ಮಳೆಗಾಲವನ್ನು ದಾಟಿದೆ, ಗುಳ್ಳೆ ಎದ್ದಿಲ್ಲ. ಓರೆಯಿಂದ ನೋಡಿದರೆ ಬಣ್ಣ ತುಸು ಕಪ್ಪಾಗಿ ಕಾಣುತ್ತದೆ. ಈ ಸಲ ನೆರೆಯವರಾರೂ ಹೊಗಳಲಿಲ್ಲ.