ನೊಣಕ್ಕೆ ಬೈದೆ, ದಾರ ನೋಡಲಿಲ್ಲ

ಕೊಲರಾಡೋದ ಸೌತ್ ಪ್ಲಾಟ್ ನದಿ ಡೆಕರ್ಸ್ ಹತ್ತಿರ ತಳದ ಕಲ್ಲು ಎಣಿಸುವಷ್ಟು ತಿಳಿ. ಅಲ್ಲಿನ ಟ್ರೌಟ್ ಮೀನುಗಳೋ, ದಿನವೂ ಗಾಳ ನೋಡಿ ನೋಡಿ ಪಳಗಿದವು. ರಾಡು, ರೀಲಿಗೆ ದುಡ್ಡು ಸುರಿದಿದ್ದ ನನಗೆ ಲೀಡರ್ ಬಗ್ಗೆ ಮಾತ್ರ ಅಸಡ್ಡೆ.

ಬಣ್ಣದ ದಪ್ಪ ಫ್ಲೈ ಲೈನಿಗೂ ಕೃತಕ ನೊಣಕ್ಕೂ ನಡುವೆ ಕಟ್ಟುವ ತಂಗೂಸೇ ಲೀಡರ್. ಸಾಮಾನ್ಯವಾಗಿ 9 ಅಡಿ ಉದ್ದ. ಬುಡದಲ್ಲಿ ಸುಮಾರು ಅರ್ಧ ಮಿಲಿಮೀಟರ್ ದಪ್ಪ, ತುದಿಗೆ ಬರುಬರುತ್ತ ಸಪೂರ. ಬಾರುಕೋಲಿನ ಹಾಗೆ ಕೈಯ ಬೀಸು ಬುಡದಿಂದ ತುದಿಗೆ ಹರಿದು, ನೊಣ ಮೆತ್ತಗೆ ನೀರಿಗಿಳಿಯಬೇಕು.

ಅಂದು ಮೀನುಗಳು ಹತ್ತಿರ ಬಂದು, ನೋಡಿ, ತಿರುಗಿ ಹೋಗುತ್ತಿದ್ದವು. ನಾನು ನೊಣ ಬದಲಿಸುತ್ತಲೇ ಹೋದೆ. ಪ್ರತಿ ಸಲ ಹೊಸ ಗಂಟಿಗೆಂದು ನಾಲ್ಕಾರು ಇಂಚು ದಾರ ಹೋಗುತ್ತದಲ್ಲ, ಹೋಗುವುದೆಲ್ಲ ಆ ಸಪೂರ ತುದಿಯೇ. ಕೊನೆಗೆ ಗಾಳದ ಕಣ್ಣಿಗೆ ದಾರ ತೂರಿಸಲೂ ಒದ್ದಾಡಬೇಕಾಯಿತು. ಆಗಲೂ ಕಣ್ಣು ಚಿಕ್ಕದೆಂದೇ ಬೈದೆ! ಗಡಸು ದಾರ ಹರಿವಿಗೆ ಸಿಕ್ಕಿ ನೊಣವನ್ನು ದರದರ ಎಳೆಯುತ್ತಿತ್ತು. ಮೀನಿಗೆ ಅನುಮಾನ ಬಾರದಿರುತ್ತದೆಯೇ? ಪಕ್ಕದಲ್ಲಿದ್ದ ಮುದುಕರೊಬ್ಬರು ತುದಿಯನ್ನು ಎರಡು ಬೆರಳಲ್ಲಿ ಹೊಸೆದು ನಕ್ಕಾಗಲೇ ನನಗೆ ಹೊಳೆದದ್ದು.

ಹೊಳೆದ ಮೇಲೆ ಮಾಡಿದ್ದು ಇನ್ನೂ ದೊಡ್ಡ ಎಡವಟ್ಟು. ಆ ಮೊಂಡು ತುದಿಗೇ ಕೂದಲೆಳೆಯಂಥ 6ಎಕ್ಸ್ ಟಿಪ್ಪೆಟ್ (ಲೀಡರಿನ ತುದಿಗೆ ಸೇರಿಸುವ ಸಪೂರ ದಾರ) ಗಂಟು ಹಾಕಿದೆ, ಅದೂ ಉಗುಳಿನಲ್ಲಿ ಒದ್ದೆ ಮಾಡದೆ. ಒಣ ಗಂಟು ಬಿಗಿಯುವಾಗ ಉಜ್ಜಿ ಬಿಸಿಯಾಗಿ ದಾರದ ಬಲ ಕುಂದುತ್ತದೆ. ಕಂದು ಟ್ರೌಟ್ ಒಂದು ಕಚ್ಚಿತು, ತಲೆ ಕೊಡವಿತು, ಅಷ್ಟೇ. ಲೀಡರಿನ ತುದಿ ಇದ್ದ ಹಾಗೇ ಇತ್ತು, ಗಂಟು ಮಾತ್ರ ಇರಲಿಲ್ಲ. ಮೀನು ಬಾಯಲ್ಲಿ ಗಾಳ ಸಿಕ್ಕಿಸಿಕೊಂಡು, ಹಿಂದೆ ಎರಡಡಿ ದಾರ ಎಳೆದುಕೊಂಡು ಹೋಯಿತು. ಹಿಡಿದು ಬಿಡುವವರು ನಾವು ಎಂದು ಬೀಗುತ್ತಿದ್ದವನಿಗೆ ಅದು ಚುಚ್ಚಿತು.

ಲೆಕ್ಕ ಕಷ್ಟದ್ದೇನಲ್ಲ. 11ರಲ್ಲಿ ಎಕ್ಸ್ ಮುಂದಿನ ಅಂಕಿ ಕಳೆದರೆ ಇಂಚಿನ ಸಾವಿರದ ಲೆಕ್ಕದಲ್ಲಿ ದಪ್ಪ ಸಿಗುತ್ತದೆ: 6ಎಕ್ಸ್ ಎಂದರೆ 0.005 ಇಂಚು. ಜೋಡಿಸುವ ಎರಡು ದಾರಗಳ ಅಂತರ 0.002 ಇಂಚು ಮೀರದಿರಲಿ. ನೊಣದ ಗಾಳದ ಸೈಜ್ ನಂಬರನ್ನು 3ರಿಂದ ಭಾಗಿಸಿದರೆ ಎಂಥ ಟಿಪ್ಪೆಟ್ ಬೇಕೆಂದು ತಿಳಿಯುತ್ತದೆ, 18ಕ್ಕೆ 6ಎಕ್ಸ್. ಈಗ ನಾನು ಹೊಸ ಲೀಡರಿಗೆ ಮೊದಲೇ ಎರಡಡಿ ಟಿಪ್ಪೆಟ್ ಕಟ್ಟಿಬಿಡುತ್ತೇನೆ. ಕತ್ತರಿಗೆ ಸಿಗುವುದು ಅದೇ, ಲೀಡರ್ ಉಳಿಯುತ್ತದೆ.

ಇನ್ನೊಂದು, ನೈಲಾನ್ ಬಿಸಿಲಿಗೆ ಸೊರಗುತ್ತದೆ. ಹೊರಡುವ ಮುನ್ನ ಹಳೆಯ ಸುರುಳಿಯನ್ನು ಒಮ್ಮೆ ಎಳೆದು ನೋಡಿ. ಪಟ್ಟೆಂದು ಕಡಿದರೆ ಹೊಸದು ಕೊಳ್ಳಿ.