ಎಣ್ಣೆಗಿಂಡಿಯ ಕೆಂಪು ದೀಪ

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆಗಿಂಡಿಯಾಕಾರದ ಚಿಕ್ಕ ದೀಪವನ್ನು ತಾವು ಕಂಡಿರುತ್ತೀರಿ. ಕೀಲಿ ತಿರುಗಿಸಿದಾಗ ಅದು ಕೆಂಪಗೆ ಹೊತ್ತಿ, ಇಂಜಿನ್ ಚಾಲೂ ಆದೊಡನೆ ಆರಬೇಕು. ಓಡುವಾಗ ಮತ್ತೆ ಹೊತ್ತಿಕೊಂಡರೆ ಒಳಗೆ ಆಯಿಲ್‌ನ ಒತ್ತಡ ಕುಸಿದಿರಬಹುದು. ಹಾಗೆಯೇ ಕೆಲವು ನಿಮಿಷ ಓಡಿಸಿದರೂ ಬೇರಿಂಗುಗಳು ಸವೆದು ಇಂಜಿನ್ ಹಿಡಿದುಬಿಡುತ್ತದೆ. ಅಥವಾ ಒತ್ತಡ ಸರಿಯಾಗಿಯೇ ಇದ್ದು, ಸುದ್ದಿ ತರುವ ತಂತಿ ಕೆಟ್ಟಿರಬಹುದು. ಕುಳಿತಲ್ಲಿಂದ ಇದನ್ನು ನಿರ್ಣಯಿಸಲಾಗದು.

ಕಳೆದ ಮಳೆಗಾಲದಲ್ಲಿ ಯಾದಗಿರಿಯಿಂದ ಭೀಮೆಯನ್ನು ದಾಟಿ, ಶಹಾಪುರದ ಮಾರ್ಗವಾಗಿ ಸುರಪುರಕ್ಕೆ ಹೊರಟಿದ್ದೆ. ಆಸ್ಪತ್ರೆಯಿಂದ ಊರಿಗೆ ಮರಳುತ್ತಿದ್ದ ಅಜ್ಜಿಯೊಬ್ಬರು ಜೊತೆಗಿದ್ದರು. ಶಹಾಪುರ ದಾಟಿದ ಮೇಲೆ ನಾರಾಯಣಪುರ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳು. ರಸ್ತೆಯ ತುಂಬ ಟ್ರ್ಯಾಕ್ಟರುಗಳು ತಂದ ಎರೆಮಣ್ಣು. ಚಕ್ರ ತಗ್ಗಿಗಿಳಿದಾಗಲೆಲ್ಲ ದೀಪ ಮಿನುಗತೊಡಗಿತು. ಇಂಜಿನ್ ಆರಿಸಿ, ಕಡ್ಡಿ ಎಳೆದು ನೋಡಿದೆ; ಆಯಿಲ್ ಗುರುತಿನವರೆಗೂ ಇತ್ತು. ಆದರೆ ಆಯಿಲ್ ಇದ್ದ ಮಾತ್ರಕ್ಕೆ ಒತ್ತಡವಿದೆಯೆಂದಲ್ಲ. ಪಂಪು ಕೆಟ್ಟಿದ್ದರೂ ಕಡ್ಡಿ ಒದ್ದೆಯಾಗಿಯೇ ಬರುತ್ತದೆ. ಅಜ್ಜಿಯನ್ನು ಹಿಂದೆ ಬಂದ ಬಸ್ಸಿಗೆ ಹತ್ತಿಸಿ, ಕಾರಿಗೆ ಹಗ್ಗ ಕಟ್ಟಿಸಿ ಶಹಾಪುರಕ್ಕೆ ಎಳೆಸಿಕೊಂಡು ಬಂದೆ.

ಗ್ಯಾರೇಜಿನ ಹುಡುಗ ಬೋನೆಟ್ ಎತ್ತುವ ಮೊದಲೇ, "ಸೆನ್ಸರ್ ಹೋಗ್ಯದ ಫಾದರ್, ಹೊಸಾದು ಹಾಕಿದ್ರ ಆಯ್ತು" ಎಂದ. ಅವನ ಉಸ್ತಾದರು, "ತಡಿಯೋ, ಮೊದಲ ವಾಯರ್ ನೋಡು" ಎಂದರು. ದೀಪ ಮಿನುಗಿದ್ದು ತಗ್ಗಿನಲ್ಲೋ, ಬಿಸಿ ಇಂಜಿನ್ ನಿಂತಲ್ಲೇ ನಿಧಾನವಾಗಿ ಓಡುವಾಗಲೋ ಎಂದು ನನ್ನನ್ನು ಕೇಳಿದರು. ಒತ್ತಡವೇ ಕುಸಿದಿದ್ದರೆ ಸಾಮಾನ್ಯವಾಗಿ ಎರಡನೆಯದು ನಡೆಯುತ್ತದೆ, ಕಾದ ಆಯಿಲ್ ತೆಳುವಾಗುವುದರಿಂದ. ಇಂಥ ಪ್ರಶ್ನೆ ಕೇಳಬಲ್ಲವರು ನನಗೆ ಯಂತ್ರಕ್ಕಿಂತ ಹೆಚ್ಚು ನಂಬಿಕಸ್ತರು.

ನಮ್ಮದು ಒಂಟಿ ತಂತಿಯ ಹಳೆಯ ಸ್ವಿಚ್ಚು. ಒತ್ತಡವಿಲ್ಲದಾಗ ಅದು ತಂತಿಯನ್ನು ಇಂಜಿನ್ನಿನ ಮೈಗೆ ಕೂಡಿಸಿ ದೀಪ ಹೊತ್ತಿಸುತ್ತದೆ. ಒತ್ತಡ ಏರಿದೊಡನೆ ಬಿಡಿಸುತ್ತದೆ. ಆದ್ದರಿಂದ ತಂತಿಯನ್ನು ಕಿತ್ತು ಕೀಲಿ ತಿರುಗಿಸಿದರೆ ದೀಪ ಹೊತ್ತಲೇಬಾರದು. ಉಸ್ತಾದರು ತಂತಿಯ ಕಟ್ಟನ್ನು ಅಲುಗಾಡಿಸಿದರು, ದೀಪ ಹೊತ್ತಿತು. ಇಂಜಿನ್ನಿನ ಹಿಂಬದಿಯಲ್ಲಿ ಗದ್ದೆಯ ಇಲಿ ಕಡಿದ ತಂತಿಯ ಬರಿ ತಾಮ್ರ ಕಬ್ಬಿಣಕ್ಕೆ ತಾಗುತ್ತಿತ್ತು.

ತಂತಿಗೆ ಟೇಪು ಸುತ್ತಿ ಕಳಿಸಬಹುದಿತ್ತು. ಅವರು ಸ್ವಿಚ್ಚನ್ನೂ ಬಿಚ್ಚಿ, ಆ ತೂತಿಗೆ ಮುಳ್ಳಿನ ಪ್ರೆಶರ್ ಗೇಜು ತಿರುಗಿಸಿ, ಇಂಜಿನ್ ಕಾಯುವವರೆಗೂ ಓಡಿಸಿ ಒತ್ತಡವನ್ನು ಕಣ್ಣಾರೆ ನೋಡಿದರು. ಮುಳ್ಳು ಸರಿಯಾಗಿ ನಿಂತಿತು.

ಹೊಸ ಕಾರುಗಳಲ್ಲಿ ಹಲವಕ್ಕೆ ಮೂರು ತಂತಿಯ ಸೆನ್ಸರ್ ಇರುತ್ತದೆ. ಅಲ್ಲಿ ಸ್ಕ್ಯಾನರ್ ಪಿ0520 ಎಂದು ತೋರಿಸಿದರೆ, ದೋಷ ಆ ಸರ್ಕ್ಯೂಟಿನಲ್ಲಿದೆ ಎಂದಷ್ಟೇ ಅರ್ಥ. ಸೆನ್ಸರಿಗೆ ಸಾಮಾನ್ಯವಾಗಿ ಬರಬೇಕಾದ 5 ವೋಲ್ಟ್ ಬರುತ್ತಿದೆಯೇ, ಅರ್ತ್ ಗಟ್ಟಿಯಾಗಿದೆಯೇ ಎಂದು ಮಲ್ಟಿಮೀಟರಿನಿಂದ ಅಳೆಯದೆ ಹೊಸ ಸೆನ್ಸರಿಗೆ ಹಣ ತೆರಬೇಡಿ.

ಹೊರಡುವಾಗ ಉಸ್ತಾದರು ಹೇಳಿದ್ದು ಬೇರೆಯೇ. ಇಲಿ ತಂತಿಯನ್ನು ಪೂರ್ತಿ ತುಂಡರಿಸಿದ್ದರೆ ದೀಪ ಎಂದೂ ಹೊತ್ತುತ್ತಿರಲಿಲ್ಲ. "ಕೀಲಿ ತಿರುವಿದಾಗ ದೀಪ ಬರಲಿಲ್ಲಂದ್ರ ಗಾಡಿ ಹೊರಗ ತೆಗೀಬ್ಯಾಡ್ರಿ ಫಾದರ್."